ಗೋಡೆಯ ಪಕ್ಕದ ಗಾಳಿ

ಜೂನ್ ೩

ಅಣ್ಣನಿಗೆ ನಮಸ್ಕಾರ,

ಪೆಟ್ಟಿಗೆ ಇವತ್ತು ನಮ್ಮ ಲ್ಯಾಬಿಗೆ ಬಂತು. ನಾಲ್ಕು ಜನ ಸೇರಿ ಲಾರಿಯಿಂದ ಇಳಿಸಿದರು. ಮೊಳೆ ಕಿತ್ತು ಮುಚ್ಚಳ ತೆಗೆದ ಕೂಡಲೇ ಸುಟ್ಟ ಎಣ್ಣೆಯ ವಾಸನೆ ಗುಪ್ಪೆಂದು ಬಡಿಯಿತು. ನೀನು ಪಾಳಿ ಮುಗಿಸಿ ಮನೆಗೆ ಬಂದಾಗ ನಿನ್ನ ಅಂಗಿಯಿಂದ ಬರುತ್ತಿದ್ದ ವಾಸನೆ ಅದೇ. ನಾನು ಪಕ್ಕಕ್ಕೆ ಹೋಗಿ ನಿಂತೆ. ‘ಏನಾಯ್ತ್ರೀ?’ ಅಂದರು ನಮ್ಮ ಸಾಹೇಬರು. ‘ಧೂಳು ಸಾರ್’ ಅಂದೆ.

ಜೊತೆಯಲ್ಲಿ ವಿಚಾರಣೆಯವರ ಕಾಗದವೂ ಇತ್ತು. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯಲು ಕೈ ಬರುತ್ತಿಲ್ಲ, ಆದರೂ ಅವರು ಹೇಗೆ ಬರೆದಿದ್ದಾರೆ ಅನ್ನುವುದು ನಿನಗೆ ತಿಳಿದಿರಲಿ. ‘ಆಪರೇಟರ್ ಲೋಡ್ ಏರಿಸುತ್ತಿದ್ದಾಗ ವಿದ್ಯುತ್ ಸ್ಥಾವರದ ಗ್ಯಾಸ್ ಟರ್ಬೈನಿನ ದಹನ ಕೋಣೆಯಾದ ಕಂಬಸ್ಟರ್‌ನಲ್ಲಿದ್ದ ಜ್ವಾಲೆಯು ಹಿಮ್ಮುಖವಾಗಿ ಬರ್ನರ್ ಕೊಳವೆಯನ್ನು ಪ್ರವೇಶಿಸಿ, ಕೊಳವೆ ಕರಗಿ, ಹೊರಗೆ ಚಿಮ್ಮಿದ ಬೆಂಕಿಯಿಂದ ಸಮೀಪದಲ್ಲಿದ್ದ ಒಬ್ಬ ಫಿಟ್ಟರ್ ಮೃತಪಟ್ಟಿರುತ್ತಾರೆ.’ ಒಬ್ಬ ಫಿಟ್ಟರ್ ಅಂತೆ. ನಾವೆಲ್ಲ ಮೀಸೆ ಅಂತ ಕರೆಯುತ್ತಿದ್ದವನಿಗೆ ಸಿಕ್ಕಿದ್ದು ಅಷ್ಟೇ. ಹದಿನೈದು ವರ್ಷ ನಿನ್ನ ಜೊತೆ ಕೂತು ಡಬ್ಬಿ ಬಿಚ್ಚಿ ಊಟ ಮಾಡಿದವನು.

ಅವರು ನಮ್ಮನ್ನು ಕೇಳಿರುವುದು ಒಂದೇ ಪ್ರಶ್ನೆ. ಈ ಕೊಳವೆಯಲ್ಲಿ ಗಾಳಿ ಮುಂದಕ್ಕೆ ಸಾಕಷ್ಟು ಜೋರಾಗಿ ಹರಿಯುತ್ತದೆಯೋ ಇಲ್ಲವೋ? ಬೆಂಕಿ ಹಿಂದಕ್ಕೆ ಬರಬೇಕಾದರೆ ಎದುರು ಬರುವ ಗಾಳಿಗಿಂತ ಜೋರಾಗಿ ಓಡಬೇಕು. ಗಾಳಿ ಸರಿಯಾಗಿದ್ದರೆ ಯಂತ್ರ ಸರಿ, ಆಪರೇಟರ್ ಗ್ಯಾಸನ್ನು ಅವಸರದಲ್ಲಿ ಏರಿಸಿದ ಅಂತ ಬರೆದು ಮುಗಿಸುತ್ತಾರೆ. ಗಾಳಿ ಎಲ್ಲಾದರೂ ಸೋತಿದ್ದರೆ ತಪ್ಪು ಯಂತ್ರದ್ದು. ಕರಗಿದ ಕೊಳವೆಯಿಂದ ಏನೂ ತಿಳಿಯುವ ಹಾಗಿಲ್ಲ, ಅದಕ್ಕೇ ಅದರ ಪಕ್ಕದಲ್ಲಿದ್ದ ಕೊಳವೆಯನ್ನು ಬಿಚ್ಚಿ ಕಳಿಸಿದ್ದಾರೆ. ಒಂದೇ ಯಂತ್ರದ್ದು, ಒಂದೇ ಅಚ್ಚಿನದು.

ಅಳೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಆಪರೇಟರ್ ನನ್ನ ಅಣ್ಣ ಅಂತ ನಾನು ಬಾಯಿ ಬಿಟ್ಟಿಲ್ಲ. ಬಿಟ್ಟರೆ ಬೇರೆಯವರಿಗೆ ಕೊಡುತ್ತಾರೆ. ಫೋನ್ ಮಾಡಬೇಡ, ಇಲ್ಲಿ ಫೋನಿರುವುದು ಸಾಹೇಬರ ಮೇಜಿನ ಮೇಲೆ. ಪತ್ರ ಬರಿ. ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ ತಮ್ಮ

*

ಜೂನ್ ೧೨

ತಮ್ಮನಿಗೆ ಆಶೀರ್ವಾದ,

ನಿನ್ನ ಪತ್ರ ಬಂತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಅಂತ ಗಾದೆ ಇದೆ. ಗಾಳಿಗೆ ಗುದ್ದುವುದಕ್ಕೇ ಸಂಬಳ ತೆಗೆದುಕೊಳ್ಳುವವನನ್ನು ನಾನು ನೋಡಿದ್ದು ನಿನ್ನೊಬ್ಬನನ್ನೇ. ಅಪ್ಪ ಇದ್ದಿದ್ದರೆ ‘ಇವನನ್ನ ಓದಿಸಿದ್ದು ಸಾರ್ಥಕ ಆಯ್ತು’ ಅಂತ ಕೊಂಕು ಆಡುತ್ತಿದ್ದರು.

ನಾನು ಚೆನ್ನಾಗಿದ್ದೇನೆ. ಅಮಾನತಿನಲ್ಲಿರುವವನಿಗೆ ಬೇಕಾದಷ್ಟು ಬಿಡುವು. ಕಿಟಕಿಗಳಿಗೆಲ್ಲ ಬಣ್ಣ ಹೊಡೆದೆ. ಕೀರಲು ಕೂಗುತ್ತಿದ್ದ ಬಾಗಿಲಿಗೆ ಎಣ್ಣೆ ಬಿಟ್ಟೆ. ನಿಮ್ಮ ಅತ್ತಿಗೆ ‘ಹೀಗೇ ಇನ್ನೊಂದು ತಿಂಗಳು ಮನೇಲಿದ್ರೆ ಗೋಡೆ ಕೆಡವಿ ಮತ್ತೆ ಕಟ್ತೀರ’ ಅಂತ ರೇಗುತ್ತಾಳೆ. ಬೀದಿಯಲ್ಲಿ ಕೆಲವರು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಹೋಗಲಿ, ಅವರ ಕುತ್ತಿಗೆ ಅವರದ್ದು.

ಒಂದು ವಿಷಯ ಬರೆಯಲೇಬೇಕು. ಮೀಸೆಯ ಹೆಂಡತಿ ವಾರಕ್ಕೊಂದು ಸಲ ನಮ್ಮ ಮನೆಗೆ ಬರುತ್ತಾಳೆ, ಎರಡು ಮಕ್ಕಳನ್ನೂ ಕರೆದುಕೊಂಡು. ಮೊದಲ ಸಲ ಬಂದಾಗ ನಾನು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಅವಳೇ ಬಾಗಿಲ ಹತ್ತಿರ ಬಂದು ನಿಂತಳು. ‘ಅಣ್ಣಾ, ಹೊರಗೆ ಬನ್ನಿ. ನಿಮ್ಮ ಕೈಯಿಂದ ಆಗಿಲ್ಲ ಇದು. ನಮ್ಮನೆಯವರು ನಿಮ್ಮ ಕೈ ನಂಬಿಕೊಂಡೇ ಆ ಮಿಷಿನ್ ಪಕ್ಕ ನಿಲ್ತಿದ್ರು. ಹದಿನೈದು ವರ್ಷ ಸುಮ್ಮನೆ ನಿಂತ್ರಾ?’ ಅಂದಳು. ತಮ್ಮಾ, ಇಡೀ ಊರಿನಲ್ಲಿ ಹಾಗೆ ಹೇಳಿದವಳು ಅವಳೊಬ್ಬಳೇ. ಗಂಡನನ್ನು ಕಳೆದುಕೊಂಡವಳು ಬಂದು ನನಗೆ ಧೈರ್ಯ ಹೇಳುವುದೆಂದರೆ! ನಾನು ಅತ್ತುಬಿಟ್ಟೆ, ಮಕ್ಕಳ ಎದುರಿಗೇ.

ಬಂದಾಗಲೆಲ್ಲ ಕೇಳುತ್ತಾಳೆ: ‘ನಿಮ್ಮ ತಮ್ಮ ಬರೆದ್ರಾ?’ ಈ ಕೆಲಸ ಹೋದರೆ ಹೋಗಲಿ, ವಿಚಾರಣೆಯವರು ಏನಾದರೂ ಬರೆದುಕೊಳ್ಳಲಿ. ಅವಳ ಆ ಒಂದು ಮಾತು ನಿಜ ಅಂತ ಅವಳಿಗೆ ಹೇಳುವ ಹಾಗಾದರೆ ನನಗೆ ಅಷ್ಟು ಸಾಕು. ಸುಳ್ಳಾದರೂ ಅವಳಿಗೆ ನಾನೇ ಹೇಳಬೇಕು, ಪೇಪರಿನಲ್ಲಿ ಓದಿ ತಿಳಿಯಬಾರದು. ಅದಕ್ಕೇ ಕೇಳುತ್ತೇನೆ. ಏನೇ ಬರಲಿ, ಸಾಹೇಬರಿಗಿಂತ ಮೊದಲು ನನಗೆ ಹೇಳು. ಸಕ್ಕರೆ ಸುತ್ತಿ ಕೊಡಬೇಡ. ಮಾತು ಕೊಡು.

ಅಣ್ಣ

*

ಜೂನ್ ೨೮

ಅಣ್ಣನಿಗೆ ನಮಸ್ಕಾರ,

ಮಾತು ಕೊಟ್ಟೆ. ಮೊದಲು ನಿನಗೆ, ಇದ್ದದ್ದು ಇದ್ದ ಹಾಗೆ.

ಕೆಲಸ ಶುರುವಾಗಿದೆ. ಇಲ್ಲಿ ಬೆಂಕಿ ಹಚ್ಚುವುದಿಲ್ಲ, ಬರೀ ಗಾಳಿ. ಕೋಣೆಯ ಆಚೆ ಆಳೆತ್ತರದ ಫ್ಯಾನ್ ಇದೆ. ಅದು ಕೊಳವೆಯೊಳಕ್ಕೆ ಗಾಳಿ ತಳ್ಳುತ್ತದೆ. ನಾನು ಆ ಗಾಳಿಯೊಳಗೆ ಒಂದು ತಂತಿ ಹಿಡಿಯುತ್ತೇನೆ. ತಂತಿ ಅಂದರೆ ತಂತಿಯಲ್ಲ, ನಿನ್ನ ತಲೆಗೂದಲನ್ನು ಹತ್ತಾಗಿ ಸೀಳಿದರೆ ಒಂದು ಎಳೆ ಎಷ್ಟಿರುತ್ತದೋ ಅಷ್ಟು. ಅದಕ್ಕೆ ಕರೆಂಟು ಕೊಟ್ಟು ಕಾಯಿಸಿ ಇಟ್ಟಿರುತ್ತೇವೆ. ಗಾಳಿ ಬೀಸಿದಷ್ಟೂ ತಣ್ಣಗಾಗಲು ನೋಡುತ್ತದೆ. ತಣ್ಣಗಾಗದಂತೆ ಕಾಯಲು ಎಷ್ಟು ಕರೆಂಟು ಬೇಕಾಯಿತು ಅನ್ನುವುದರಿಂದ ಗಾಳಿಯ ವೇಗ ತಿಳಿಯುತ್ತದೆ. ವೇಗ ಒಂದೇ ಸಮ ಇರುವುದಿಲ್ಲ, ಕ್ಷಣಕ್ಷಣವೂ ಏರಿಳಿಯುತ್ತದೆ. ಆ ಏರಿಳಿತಕ್ಕೆ ನಾವು ಟರ್ಬುಲೆನ್ಸ್ ಅನ್ನುತ್ತೇವೆ. ಅತ್ತಿಗೆ ಕೇಳಿದರೆ ಗಾಳಿಯ ತಳಮಳ ಅಂತ ಹೇಳು.

ಮೊನ್ನೆ ಪಕ್ಕದ ಕೋಣೆಯ ಕನ್ನಡಕದಮ್ಮ ಒಳಗೆ ಬಂದು ಒಂದು ಸೀನು ಸೀನಿದರು, ತಂತಿ ಹೋಯಿತು. ಬಾಗಿಲಿಗೆ ‘ಸೀನುವವರು ಹೊರಗೆ ಸೀನಿ ಬನ್ನಿ’ ಅಂತ ಬರೆದು ಅಂಟಿಸಿದ್ದೇನೆ. ಆಕೆ ನಮ್ಮಲ್ಲಿ ಲೇಸರ್ ಬೆಳಕಿನಿಂದ ಗಾಳಿ ಅಳೆಯುವವರು. ‘ನಿಮ್ಮ ತಂತಿಗೆ ನೆಗಡಿ ಆದ್ರೂ ಸಾಯುತ್ತೆ, ನನ್ನ ಬೆಳಕಿಗೆ ಏನೂ ಆಗಲ್ಲ’ ಅಂತ ಜಂಭ ಕೊಚ್ಚುತ್ತಾರೆ. ಆದರೆ ಅವರ ಲೇಸರ್ ಬೇರೆ ಕೆಲಸದಲ್ಲಿದೆ, ನಮಗೆ ಸಿಗುವುದು ಆಗಸ್ಟಿಗೇ.

ಕೊಳವೆಯ ನಡುಮಧ್ಯ ಗಾಳಿ ಸೆಕೆಂಡಿಗೆ ನಲವತ್ತೆರಡು ಮೀಟರ್ ಓಡುತ್ತಿದೆ. ಅಲ್ಲಿ ಬೆಂಕಿಯ ಆಟ ನಡೆಯುವುದಿಲ್ಲ. ಗೋಡೆಯ ಪಕ್ಕದ್ದನ್ನು ಇನ್ನೂ ಅಳೆದಿಲ್ಲ. ಬೆಂಕಿ ನುಸುಳುವುದಿದ್ದರೆ ಅಲ್ಲೇ, ಕಳ್ಳ ಹಿತ್ತಿಲ ಬಾಗಿಲಿಂದ ಬಂದ ಹಾಗೆ. ಬರುವ ವಾರ ಅಲ್ಲಿಗೆ ಹೋಗುತ್ತೇನೆ. ಕಾಲು ಕಾಲು ಮಿಲಿಮೀಟರ್ ಸರಿಸುತ್ತಾ ಹೋಗಬೇಕು.

ಮೀಸೆಯ ಮನೆಯವರಿಗೆ ಹೇಳು, ಬರೆಯುತ್ತೇನೆ ಅಂತ.

ತಮ್ಮ

*

ಜುಲೈ ೬

ತಮ್ಮನಿಗೆ ಆಶೀರ್ವಾದ,

ನಲವತ್ತೆರಡು ಮೀಟರ್ ಅಂತ ಓದಿ ಹೇಳಿದೆ. ಮೀಸೆಯ ಹೆಂಡತಿಗೆ ಏನೂ ಅರ್ಥವಾಗಲಿಲ್ಲ, ನಿಮ್ಮ ಅತ್ತಿಗೆಗೂ ಆಗಲಿಲ್ಲ. ಆದರೂ ಇಬ್ಬರೂ ತಲೆ ಆಡಿಸಿದರು. ಮೀಸೆಯ ಮಗಳು ಮಾತ್ರ ‘ಗಾಳಿಗೂ ತಳಮಳ ಆಗುತ್ತಾ ಮಾಮ?’ ಅಂದಳು. ನಾನು ‘ಆಗುತ್ತೆ ಪುಟ್ಟಿ, ನನ್ನ ತಮ್ಮ ಅದನ್ನೇ ಅಳೀತಾನೆ’ ಅಂದೆ. ‘ಹಾಗಾದ್ರೆ ನಮ್ಮಮ್ಮಂದೂ ಅಳೀಲಿ’ ಅಂದಳು. ಅವಳಮ್ಮ ತಲೆಗೊಂದು ಮೊಟಕಿದಳು.

ಇಲ್ಲಿ ವಿಶೇಷವೇನಿಲ್ಲ. ಬೆಕ್ಕು ಮರಿ ಹಾಕಿದೆ. ಹಳೆಯ ರೇಡಿಯೋ ಬಿಚ್ಚಿ ಸರಿಮಾಡಲು ಕೂತೆ, ಮತ್ತೆ ಜೋಡಿಸಿದ ಮೇಲೆ ಎರಡು ಸ್ಕ್ರೂ ಕೈಯಲ್ಲೇ ಉಳಿದವು. ಆದರೂ ಹಾಡುತ್ತಿದೆ. ಅದರಿಂದ ಏನು ತಿಳಿಯಬೇಕೋ ನಿಮ್ಮಂಥ ಓದಿದವರೇ ಹೇಳಬೇಕು.

ಒಂದು ಮಾತು ಕೇಳುತ್ತೇನೆ. ಮಿತಿಯೊಳಗೇ ಇದ್ದರೂ ಗ್ಯಾಸಿನ ಗುಂಡಿ ಒಂದು ಚೂರು ಬೇಗ ತಿರುಗಿದರೆ ನಿನ್ನ ಬೆಂಕಿಗೆ ಅದು ಗೊತ್ತಾಗುತ್ತದೆಯೇ? ಸುಮ್ಮನೆ ಕೇಳಿದೆ. ಹೊತ್ತು ಹೋಗದವನಿಗೆ ಇಂಥವೇ ತೋಚುತ್ತವೆ.

ಅಣ್ಣ

ಸ್ವಲ್ಪ ಜಾಗ ಉಳಿದಿದೆ ಅಂತ ನಾನು, ಅತ್ತಿಗೆ, ಬರೀತಿದೀನಿ. ನಿಮ್ಮಣ್ಣ ಪತ್ರದಲ್ಲಿ ನಗ್ತಾರೆ, ಮನೇಲಿ ನಗಲ್ಲ. ಕೂತಲ್ಲೇ ಬಲಗೈ ತಿರುಗಿಸ್ತಾ ಇರ್ತಾರೆ, ಗುಂಡಿ ತಿರುಗಿಸೋ ಹಾಗೆ, ನಿಧಾನ ಒಂದ್ಸಲ, ಬೇಗ ಒಂದ್ಸಲ. ಕೇಳಿದ್ರೆ ‘ಕೈ ಹಿಡ್ಕೊಂಡಿದೆ’ ಅಂತಾರೆ. ನಾನು ಬರೆದೆ ಅಂತ ಹೇಳಬೇಡ. ಬೇಗ ಏನಾದ್ರೂ ಬರಿ ಮಾರಾಯ.

*

ಜುಲೈ ೨೯

ಅಣ್ಣನಿಗೆ ನಮಸ್ಕಾರ,

ಬರೆಯುವುದು ತಡವಾಯಿತು. ಇಲ್ಲಿ ಸೆಕೆ ಜಾಸ್ತಿ. ಫ್ಯಾನಿನ ಬೆಲ್ಟ್ ಹರಿದು ಎರಡು ದಿನ ಕೆಲಸ ನಿಂತಿತ್ತು. ತಂತಿಗಳೂ ಮುಗಿದಿದ್ದವು.

ಅಳತೆ ನಡೆಯುತ್ತಿದೆ. ಇಂಥ ಕೆಲಸದಲ್ಲಿ ಒಂದು ಸಲ ಬಂದದ್ದನ್ನು ನಂಬುವ ಹಾಗಿಲ್ಲ, ಮತ್ತೆ ಮತ್ತೆ ನೋಡಬೇಕು. ಹಾಗಾಗಿ ಇನ್ನೂ ಏನೂ ಹೇಳುವ ಹಾಗಿಲ್ಲ. ಲೇಸರ್ ಸಿಕ್ಕ ಮೇಲೆ ಇನ್ನೊಮ್ಮೆ ನೋಡುತ್ತೇವೆ. ಆಮೇಲೆ ವರದಿ ಬರೆಯಲು ಸಮಯ ಹಿಡಿಯುತ್ತದೆ. ನೀನು ಅದನ್ನೇ ತಲೆಯಲ್ಲಿ ಇಟ್ಟುಕೊಂಡು ಕೂರಬೇಡ. ಗುಂಡಿಯ ವಿಷಯ ಕೇಳಿದ್ದೆ, ಅದು ದೊಡ್ಡ ಲೆಕ್ಕ, ಎದುರು ಸಿಕ್ಕಾಗ ಮಾತಾಡೋಣ.

ನಿನ್ನ ಕೈ ಹಿಡಿದು ಶಾಲೆಗೆ ಹೋದವನು ನಾನು. ಅಪ್ಪ ಹೋದ ಮೇಲೆ ನೀನು ಓದು ಬಿಟ್ಟು ಆ ಸ್ಥಾವರಕ್ಕೆ ಸೇರಿದ್ದಕ್ಕೆ ನಾನು ಇವತ್ತು ಇಲ್ಲಿದ್ದೇನೆ. ಯಾರು ಏನೇ ಹೇಳಲಿ, ಏನೇ ಆಗಲಿ, ನೀನು ನನ್ನ ಅಣ್ಣ. ಅದು ಬದಲಾಗುವುದಿಲ್ಲ.

ಆರೋಗ್ಯ ನೋಡಿಕೋ. ವೇಳೆಗೆ ಸರಿಯಾಗಿ ಊಟ ಮಾಡು.

ತಮ್ಮ

*

ಆಗಸ್ಟ್ ೮

ತಮ್ಮನಿಗೆ ಆಶೀರ್ವಾದ,

ನಿನ್ನ ಪತ್ರ ತಲುಪಿತು. ಅಡ್ಡಗೋಡೆಯ ಮೇಲೆ ದೀಪ ಇಡುವುದು ನಿನಗೆ ಮೊದಲಿನಿಂದಲೂ ಬರುವುದಿಲ್ಲ. ಚಿಕ್ಕವನಿದ್ದಾಗ ಗಾಜಿನ ಲೋಟ ಒಡೆದು, ‘ಲೋಟ ಚೆನ್ನಾಗಿದೆ’ ಅಂತ ಯಾರೂ ಕೇಳದೆಯೇ ಬಂದು ಹೇಳಿದ್ದೆ.

ಕೂದಲೆಳೆಯನ್ನು ಎಷ್ಟು ಸೀಳಬೇಕು ಅಂತ ಬರೆದವನು ಈ ಸಲ ಒಂದೇ ಒಂದು ಅಂಕಿ ಬರೆದಿಲ್ಲ. ನನಗೆ ತಿಳಿಯಿತು. ನೀನು ನೊಂದುಕೊಳ್ಳಬೇಡ. ನಿನ್ನ ಕೆಲಸ ನೀನು ಸರಿಯಾಗಿ ಮಾಡಿದ್ದೀಯ. ಇಷ್ಟು ದಿನ ಒಂದು ಕಡೆಗೂ ಸೇರದೆ ಒದ್ದಾಡುತ್ತಿದ್ದೆ, ಈಗ ಒಂದು ನೆಲೆಗೆ ಬಂದ ಹಾಗಾಯಿತು. ನಿನ್ನೆ ಎಷ್ಟೋ ದಿನದ ಮೇಲೆ ನಿದ್ದೆ ಬಂತು.

ನಾಳೆ ಒಂದು ಕೆಲಸ ಮುಗಿಸಬೇಕು. ಹೆಚ್ಚು ಬರೆಯುವುದಿಲ್ಲ.

ಅಣ್ಣ

*

ಆಗಸ್ಟ್ ೧೯

ಅಣ್ಣಾ,

ಕೂತು ಓದು. ಅತ್ತಿಗೆಯನ್ನೂ ಕರೆ. ತಪ್ಪು ನಿನ್ನದಲ್ಲ. ನಿನ್ನದಲ್ಲ, ನಿನ್ನದಲ್ಲ! ತಪ್ಪು ಕೊಳವೆಯದು.

ಮೊದಲಿನಿಂದ ಹೇಳುತ್ತೇನೆ, ಬೈಯುವುದಿದ್ದರೆ ಕೊನೆಯಲ್ಲಿ ಬೈದುಬಿಡು. ಜುಲೈನಲ್ಲಿ ಗೋಡೆಯ ಪಕ್ಕ ಅಳೆದೆ. ತಂತಿ ಸೆಕೆಂಡಿಗೆ ಆರು ಮೀಟರ್ ಅಂತ ತೋರಿಸಿತು. ಬೆಂಕಿಯನ್ನು ತಡೆಯಲು ಅಷ್ಟು ಸಾಕು. ಅಂದರೆ ಯಂತ್ರ ಸರಿ, ಅಂದರೆ ನೀನು. ಮತ್ತೆ ಅಳೆದೆ, ಆರೇ ಬಂತು. ಅಷ್ಟರಲ್ಲಿ ಗುಂಡಿ ಬೇಗ ತಿರುಗಿದರೆ ಏನಾಗುತ್ತದೆ ಅಂತ ನೀನು ಕೇಳಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ಹಾಗೆ ಕಂಡಿತು ನನಗೆ. ಅಣ್ಣ ನನಗೆ ಮೆಲ್ಲಗೆ ಒಪ್ಪಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ನಿನಗೆ ಬರೆಯಲು ಆಗಲಿಲ್ಲ. ಕೊಟ್ಟ ಮಾತಿಗೆ ತಪ್ಪಿ ಸೆಕೆಯ ವಿಷಯ ಬರೆದೆ.

ತಳಮಳದ ಅಂಕಿ ಅಲ್ಲಿ ವಿಪರೀತ ಇತ್ತು. ಅಷ್ಟು ತಳಮಳ ಇರುವ ಕಡೆ ತಂತಿಯ ಮಾತನ್ನು ಪೂರ್ತಿ ನಂಬಬಾರದು ಅಂತ ಕೆಲಸಕ್ಕೆ ಸೇರಿದ ಹೊಸಬನಿಗೂ ಹೇಳಿಕೊಡುತ್ತೇವೆ. ನಾನು ನೋಡಿದೆ, ಗೋಡೆಯ ಪಕ್ಕ ಅಲ್ಲವೇ, ಇದ್ದೀತು ಅಂತ ಬಿಟ್ಟೆ. ಮೊನ್ನೆ ಲೇಸರ್ ತಂದಿಡಲು ಕನ್ನಡಕದಮ್ಮ ಬಂದರು. ನನ್ನ ಅಂಕಿಗಳ ಮೇಲೆ ಕಣ್ಣಾಡಿಸಿ, ‘ಆರು ಸರಿ. ಯಾವ ಕಡೆಗೆ ಆರು?’ ಅಂದರು.

ಅಣ್ಣಾ, ಬಿಸಿ ತಂತಿಗೆ ಗಾಳಿ ಎಷ್ಟು ಜೋರು ಅಂತ ಗೊತ್ತಾಗುತ್ತದೆ. ಬಂದದ್ದು ಎದುರಿಂದಲೋ ಹಿಂದಿನಿಂದಲೋ ಅಂತ ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೇ ಸಮ ತಣ್ಣಗಾಗುತ್ತದೆ. ಇದೂ ನನಗೆ ಗೊತ್ತಿದ್ದದ್ದೇ. ಆ ಕೊಳವೆಯಲ್ಲಿ ಗಾಳಿ ಮುಂದಕ್ಕಲ್ಲದೆ ಬೇರೆಲ್ಲಿಗೆ ಹೋದೀತು ಅಂದುಕೊಂಡುಬಿಟ್ಟಿದ್ದೆ. ಆಕೆ ತಮ್ಮ ಚೀಲದಿಂದ ಹೊಲಿಗೆ ದಾರ ತೆಗೆದು, ಬೆರಳುದ್ದ ಕತ್ತರಿಸಿ, ಕೊಳವೆಯ ಒಳಗೋಡೆಗೆ ಅಂಟಿಸಿ, ಫ್ಯಾನ್ ಹಾಕಿ ಅಂದರು. ಹಾಕಿದೆ. ದಾರ ಹಿಂದಕ್ಕೆ ಮಲಗಿತು. ಫ್ಯಾನ್ ತಳ್ಳುತ್ತಿರುವುದು ಮುಂದಕ್ಕೆ, ದಾರ ಫ್ಯಾನಿನ ಕಡೆಗೇ ತಲೆ ಮಾಡಿ ಮಲಗಿದೆ! ಆಮೇಲೆ ಲೇಸರ್‌ನಲ್ಲಿ ಅಳೆದೆವು. ಅದಕ್ಕೆ ದಿಕ್ಕು ತಿಳಿಯುತ್ತದೆ. ಗೋಡೆಯ ಪಕ್ಕ ಒಂದು ಪಟ್ಟಿಯಷ್ಟು ಜಾಗದಲ್ಲಿ ಗಾಳಿ ಹಿಂದಕ್ಕೇ ಹೋಗುತ್ತಿದೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಬೆಸುಗೆ ಹಾಕಿದ ಕಡೆ ಅಕ್ಕಿಕಾಳಿನಷ್ಟು ದಪ್ಪದ ಏಣು ಉಳಿದಿದೆ, ಉಜ್ಜಿ ನುಣುಪು ಮಾಡಿಲ್ಲ. ಅದರ ಹಿಂದೆ ಗಾಳಿ ಸುತ್ತು ಹೊಡೆದು ತಿರುಗಿ ಬರುತ್ತದೆ. ಬೆಂಕಿಯನ್ನು ಕೈಹಿಡಿದು ಒಳಗೆ ಕರೆದುಕೊಂಡು ಬಂದಿದೆ. ನೀನು ಗುಂಡಿಯನ್ನು ಎಷ್ಟು ನಿಧಾನ ತಿರುಗಿಸಿದ್ದರೂ ಇವತ್ತಲ್ಲ ನಾಳೆ ಆಗುತ್ತಿದ್ದದ್ದೇ.

ಸಾಹೇಬರಿಗೆ ನೀನು ನನ್ನ ಅಣ್ಣ ಅಂತಲೂ ಹೇಳಿದೆ. ಬೈದರು, ಸರಿಯಾಗೇ ಬೈದರು. ನನ್ನನ್ನು ಹೊರಗಿಟ್ಟು ಕನ್ನಡಕದಮ್ಮನ ಕೈಯಲ್ಲಿ ಎಲ್ಲವನ್ನೂ ಇನ್ನೊಮ್ಮೆ ಅಳೆಸಿದರು. ಅದೇ ಬಂತು. ವರದಿ ಹೊರಡುತ್ತದೆ.

ಮೀಸೆಯ ಹೆಂಡತಿಗೆ ಇವತ್ತೇ ಹೋಗಿ ಹೇಳು. ಅವಳು ಹೇಳಿದ್ದೇ ಸರಿ ಅಂತ ಹೇಳು.

ನಿನ್ನ ತಮ್ಮ

*

ಆಗಸ್ಟ್ ೨೭

ತಮ್ಮನಿಗೆ,

ನಿನ್ನ ಪತ್ರ ಮಧ್ಯಾಹ್ನ ಬಂತು. ನಿಮ್ಮ ಅತ್ತಿಗೆ ಗಟ್ಟಿಯಾಗಿ ಓದಿದಳು. ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಕಾಗದ ಮಡಿಚಿ ಮಂಚದ ಮೇಲೆ ಇಟ್ಟು ಅಡುಗೆಮನೆಗೆ ಹೋಗಿ ಅತ್ತಳು. ಸಂತೋಷಕ್ಕೆ ಅಂತ ನೀನು ಅಂದುಕೊಳ್ಳಬೇಡ.

ನಾಳೆ ಒಂದು ಕೆಲಸ ಮುಗಿಸಬೇಕು ಅಂತ ಬರೆದಿದ್ದೆನಲ್ಲ. ಮೀಸೆಯ ಮನೆಗೆ ಹೋಗಿದ್ದೆ. ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು. ‘ಬನ್ನಿ ಅಣ್ಣಾ, ನೀವೇ ಬಂದ್ರಾ, ನಿಮ್ಮ ತಮ್ಮ ಬರೆದ್ರು ಅಂತ ಕಾಣುತ್ತೆ’ ಅಂದಳು. ಮುಖದಲ್ಲಿ ನಗು. ನಾನು ನಿಂತೇ ಹೇಳಿದೆ, ‘ತಾಯಿ, ನನ್ನ ತಮ್ಮ ಅಳೆದು ನೋಡಿದ. ಮಿಷಿನ್ದು ಏನೂ ತಪ್ಪಿಲ್ಲ. ನನ್ನ ಕೈಯಿಂದಲೇ ಆಯ್ತು.’

‘ಹಾಗಂತ ಬರೆದ್ರಾ?’

ನೀನು ಬರೆದಿರಲಿಲ್ಲ. ‘ಬರೆದ’ ಅಂದೆ.

ಅವಳು ನಂಬಲಿಲ್ಲ, ತಮ್ಮಾ. ‘ಇರಲ್ಲ ಅಣ್ಣಾ, ಏನೋ ಹೆಚ್ಚು ಕಡಿಮೆ ಆಗಿರುತ್ತೆ, ಇನ್ನೊಂದ್ಸಲ ನೋಡೋಕೆ ಹೇಳಿ’ ಅಂದಳು. ನಾನು ಬಿಡಲಿಲ್ಲ. ಅವತ್ತು ಗುಂಡಿಯ ಮೇಲೆ ನನ್ನ ಕೈ ಅವಸರ ಮಾಡಿತ್ತು ಅಂದೆ. ಪಾಳಿ ಮುಗಿಯುತ್ತಾ ಬಂದಿತ್ತು, ಮನೆಗೆ ಹೋಗುವ ಗಡಿಬಿಡಿಯಲ್ಲಿದ್ದೆ ಅಂದೆ. ನಿಜವಾಗಿ ನನಗೆ ಏನೂ ನೆನಪಿಲ್ಲ. ಆದರೆ ನಿನ್ನ ಜುಲೈ ಪತ್ರ ಓದಿದ ಮೇಲೆ ಎಲ್ಲ ನೆನಪಾದ ಹಾಗೇ ಆಗಿತ್ತು. ವಕೀಲನ ಹಾಗೆ ನನ್ನ ವಿರುದ್ಧ ನಾನೇ ವಾದ ಮಾಡಿ ಅವಳನ್ನು ಒಪ್ಪಿಸಿದೆ. ಒಪ್ಪಿದ್ದು ನನಗೆ ಕಾಣಿಸಿತು, ಅವಳ ಕೈ ಜಡೆಯಲ್ಲೇ ನಿಂತುಬಿಟ್ಟಿತು. ಆಮೇಲೆ ಜಡೆ ಪೂರ್ತಿ ಹೆಣೆದಳು, ಟೇಪು ಕಟ್ಟಿದಳು, ಮಗಳನ್ನು ಒಳಗೆ ಕಳಿಸಿದಳು. ‘ಇನ್ನು ನೀವು ಹೊರಡಿ’ ಅಂದಳು.

ತಪ್ಪು ನನ್ನದೇ ಅಂತ ಆಫೀಸಿಗೂ ಬರೆದುಕೊಟ್ಟೆ. ಅದು ಹೋಗಲಿ, ಅದನ್ನು ನಿಮ್ಮ ವರದಿ ನೋಡಿಕೊಳ್ಳುತ್ತದೆ.

ನಿನ್ನ ಪತ್ರ ಓದಿ ಮುಗಿದ ಕೂಡಲೇ ಚಪ್ಪಲಿಯನ್ನೂ ಹಾಕದೆ ಅವಳ ಮನೆಗೆ ಓಡಿದೆ. ಬೀಗ ಹಾಕಿತ್ತು. ಖಾಲಿ ಮಾಡಿಕೊಂಡು ಹೋಗಿ ಒಂದು ವಾರವಾಯಿತಂತೆ. ಎಲ್ಲಿಗೆ ಅಂತ ಪಕ್ಕದವರನ್ನು ಕೇಳಿದೆ. ‘ಹೇಳಬೇಡಿ ಅಂದಿದ್ದಾಳೆ, ಅದರಲ್ಲೂ ನಿಮಗೆ’ ಅಂದರು.

ಅಣ್ಣ

*

ಸೆಪ್ಟೆಂಬರ್ ೫

ಅಣ್ಣನಿಗೆ,

ಏನು ಬರೆಯಲಿ? ನಾಲ್ಕು ಕಾಗದ ಬರೆದು ಹರಿದೆ.

ಜುಲೈನಲ್ಲಿ ‘ಆರು ಬಂದಿದೆ ಅಣ್ಣಾ, ನನಗೆ ಭಯವಾಗುತ್ತಿದೆ’ ಅಂತ ಒಂದು ಸಾಲು ಬರೆದಿದ್ದರೆ ನೀನು ಏನನ್ನುತ್ತಿದ್ದೆ ಅಂತ ಯೋಚಿಸಿದೆ. ‘ಇನ್ನೊಂದ್ಸಲ ನೋಡೋ’ ಅನ್ನುತ್ತಿದ್ದೆ. ಅವಳೂ ಅದನ್ನೇ ಅಂದಳಂತೆ. ನಿನ್ನ ಮೇಲಿನ ಕರುಣೆಯಿಂದ ಬರೆಯಲಿಲ್ಲ ಅಂದುಕೊಂಡಿದ್ದೆ. ಕರುಣೆ ಅಲ್ಲ ಅದು, ಹೇಡಿತನ. ನಿನ್ನನ್ನು ನಂಬದೇ ಹೋದೆ, ನಂಬದೇ ಹೋದೆ ಅಂತ ನಿನಗೆ ಹೇಳಲೂ ಇಲ್ಲ. ನನ್ನನ್ನು ಕ್ಷಮಿಸು ಅಂತ ಕೇಳುವ ಮುಖವೂ ಇಲ್ಲ, ಆದರೂ ಕೇಳುತ್ತಿದ್ದೇನೆ.

ವರದಿಯನ್ನು ವಿಚಾರಣೆಯವರು ಒಪ್ಪಿದ್ದಾರೆ. ಇದೇ ಅಚ್ಚಿನ ಕೊಳವೆಗಳಿರುವ ಯಂತ್ರಗಳನ್ನೆಲ್ಲ ನಿಲ್ಲಿಸಿದ್ದಾರೆ. ನಿನ್ನ ಅಮಾನತು ರದ್ದಾಗುತ್ತದೆ. ವರದಿಯ ಒಂದು ಪ್ರತಿ ಇದರ ಜೊತೆಗಿದೆ. ಮೂರನೇ ಪುಟದಲ್ಲಿ ಗೆರೆ ಎಳೆದಿದ್ದೇನೆ, ‘ಆಪರೇಟರ್‌ನ ಕ್ರಮದಲ್ಲಿ ಯಾವುದೇ ಲೋಪ ಕಂಡುಬರುವುದಿಲ್ಲ.’

ರಜೆ ಕೇಳಿದ್ದೇನೆ. ಬರುತ್ತೇನೆ. ಇಬ್ಬರೂ ಸೇರಿ ಹುಡುಕೋಣ, ಅವಳಿಗೆ ನಾನೇ ಹೇಳುತ್ತೇನೆ.

ತಮ್ಮ

*

ಅಕ್ಟೋಬರ್ ೧೪

ತಮ್ಮನಿಗೆ ಆಶೀರ್ವಾದ,

ನೀನು ಬರುವ ತನಕ ಕಾಯಲು ಆಗಲಿಲ್ಲ, ಕೋಪ ಮಾಡಿಕೊಳ್ಳಬೇಡ. ಸ್ಟೋರಿನಲ್ಲಿ ಕೆಲಸ ಮಾಡುವವನೊಬ್ಬನಿಗೆ ಅವಳ ಅಕ್ಕನ ಮನೆ ಗೊತ್ತಿತ್ತು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ವರದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಹೋದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಪ್ಪಿಸಿಕೊಂಡೆ.

ಉದ್ದನೆಯ ವಠಾರ, ಕೊನೆಯ ಮನೆ. ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಕೈಯಲ್ಲಿ ಸೋಪಿನ ನೊರೆ. ಬಾಗಿಲಿಗೆ ಬಂದ ಮಗಳು ‘ಮಾಮ’ ಅನ್ನಲು ಬಾಯಿ ತೆರೆದು, ಅಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ‘ಒಳಗೆ ಹೋಗು’ ಅಂದಳು ಅಮ್ಮ.

ನಾನು ಹೇಳಿದೆ. ನಿಂತಲ್ಲೇ, ಒಂದೇ ಉಸಿರಿಗೆ. ತಂತಿಗೆ ದಿಕ್ಕು ತಿಳಿಯದೇ ಇದ್ದದ್ದು, ದಾರ ಹಿಂದಕ್ಕೆ ಮಲಗಿದ್ದು, ಬೆಸುಗೆಯ ಏಣು, ಎಲ್ಲ. ಮೂರನೇ ಪುಟ ತೆಗೆದು ಮುಂದೆ ಹಿಡಿದೆ. ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. ನಿಧಾನವಾಗಿ ಓದಿದಳು. ನನಗೆ ಆಸೆ ಬಂತು, ತಮ್ಮಾ. ಈಗ ‘ನಾನು ಹೇಳಲಿಲ್ವಾ ಅಣ್ಣಾ’ ಅನ್ನುತ್ತಾಳೆ ಅಂದುಕೊಂಡೆ.

‘ನಾನು ಹೇಳಿದ್ದೆ’ ಅಂದಳು. ಅದನ್ನೇ ಅಂದಳು, ಆದರೆ ನಾನು ಅಂದುಕೊಂಡ ದನಿಯಲ್ಲಿ ಅಲ್ಲ.

‘ಹೇಳಿದ್ದೆ ತಾಯಿ. ನೀನೊಬ್ಬಳೇ ಹೇಳಿದ್ದು.’

‘ಊರವರೆಲ್ಲ ನನ್ನನ್ನ ಬಾಯಿಗೆ ಬಂದ ಹಾಗೆ ಬೈದ್ರು, ಗಂಡನ್ನ ಕೊಂದೋನ ಮನೇಗೆ ಹೋಗಿ ಕೂರ್ತಾಳೆ ಅಂತ. ನಮ್ಮ ಅಕ್ಕನೇ ಬೈದ್ಳು. ಆದ್ರೂ ಬಂದೆ. ನಮ್ಮನೆಯವರು ನಂಬಿದ ಕೈ, ನಾನೂ ನಂಬಬೇಕು ಅಂತ ಬಂದೆ. ಅವರು ಹೋದ ಮೇಲೆ ನನಗೆ ಅಂತ ಉಳಿದಿದ್ದು ಅದೊಂದೇ. ನೀವು ಮನೆ ತನಕ ಬಂದು ಅದನ್ನೂ ಕಿತ್ಕೊಂಡು ಹೋದ್ರಿ.’

‘ತಪ್ಪಾಯ್ತು. ನನಗೆ ಗೊತ್ತಿರಲಿಲ್ಲ.’

‘ನನಗೂ ಗೊತ್ತಿರಲಿಲ್ಲ ಅಣ್ಣಾ. ಗೊತ್ತಿಲ್ದೇ ನಂಬಿದ್ದೆ.’

ಅಣ್ಣಾ ಅಂತ ಕರೆದಳಲ್ಲ ಅಂತ ಆ ಹೊತ್ತಿನಲ್ಲೂ ನನ್ನ ಮನಸ್ಸು ಹಿಗ್ಗಿತು. ಹಾಳು ಮನಸ್ಸು. ಅವಳು ವರದಿಯನ್ನು ಮಡಿಚುತ್ತಾ ಹೇಳಿದಳು, ‘ನೀವು ಹೋದ ಮೇಲೆ ನಿಮ್ಮನ್ನ ದ್ವೇಷ ಮಾಡೋದು ಕಲಿತೆ. ಸುಲಭ ಆಗಲಿಲ್ಲ. ಮಕ್ಕಳಿಗೂ ಕಲಿಸಿದೆ. ದೊಡ್ಡವನು ಎರಡು ದಿನ ಊಟ ಬಿಟ್ಟ, ಮಾಮ ಹಾಗೆ ಮಾಡಲ್ಲ ಅಂತ. ಹೊಡೆದು ಕಲಿಸಿದೆ ಅಣ್ಣಾ. ಈಗ ಆ ಮಗೂಗೆ ಏನು ಹೇಳಲಿ?’

ತಪ್ಪನ್ನು ನಿನ್ನ ಮೇಲೆ ಹಾಕಿಬಿಡಬಹುದಿತ್ತು. ತಮ್ಮ ಸರಿಯಾಗಿ ಬರೆಯಲಿಲ್ಲ, ನಾನು ತಪ್ಪು ತಿಳಿದೆ ಅಂತ. ಬಾಯಿಗೆ ಬಂದಿತ್ತು ಕೂಡ. ಆದರೆ ಅದು ಸುಳ್ಳು. ನಿನ್ನ ಪತ್ರದಲ್ಲಿ ಇಲ್ಲದ್ದನ್ನು ಓದಿಕೊಂಡವನು ನಾನು. ಅದಕ್ಕೇ ನೀನು ಇನ್ನು ಕ್ಷಮೆ ಗಿಮೆ ಅಂತ ಬರೆಯಬೇಡ.

ಹೊರಡುವಾಗ ಕುಡಿಯಲು ನೀರು ಕೊಟ್ಟಳು. ಲೋಟ ವಾಪಸು ತೆಗೆದುಕೊಳ್ಳುತ್ತಾ ಕೇಳಿದಳು, ‘ತಂತಿ ಹೇಳಿದಾಗ ನಂಬಿದ್ರಿ, ದಾರ ಹೇಳಿದಾಗ ನಂಬಿದ್ರಿ. ನಾನು ಅಷ್ಟು ಸಲ ಬಂದು ಹೇಳಿದೆನಲ್ಲ ಅಣ್ಣಾ, ನನ್ನ ಮಾತು ಯಾಕೆ ನಂಬಲಿಲ್ಲ?’

ಲೋಟವನ್ನು ಒಳಗಿಟ್ಟು ಬಂದಳು. ಆಮೇಲೆ ಬಾಗಿಲು ಮುಂದಕ್ಕೆ ತಳ್ಳಿಕೊಂಡಳು, ಸದ್ದಾಗದ ಹಾಗೆ.

ಸೋಮವಾರದಿಂದ ಕೆಲಸಕ್ಕೆ ಬರಲು ಹೇಳಿದ್ದಾರೆ.

ಅಣ್ಣ